ಆಟಿ ಮಳೆಗೆ ಎಳೆ ಗಿಡ ಕೊಡುವ ಮೊದಲು ಒಂದು ಏರುಮಡಿ ಮಾಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಸುರುವಾಗುವ ಹೊತ್ತಿಗೆ ನಮ್ಮ ಕಾಸರಗೋಡು ಕಡೆ ಎಲ್ಲಿ ಹೋದ್ರೂ ಗಿಡದ್ದೇ ಮಾತು. ಕೃಷಿ ಭವನಕ್ಕೆ ಒಳ್ಳೆಮೆಣಸಿನ (ಕಾಳುಮೆಣಸಿನ) ಬಳ್ಳಿ ಬಂದಿದೆಯಂತೆ, ಆ ನರ್ಸರಿಯಲ್ಲಿ ಮಂಗಳ ತಳಿಯ ಅಡಿಕೆ ಸಸಿ ಉಂಟಂತೆ, ಪೇಟೆಗೆ ಗಾಡಿಯಲ್ಲಿ ಹಣ್ಣಿನ ಗಿಡ ಮಾರ್ಲಿಕ್ಕೆ ಬಂದಿದ್ದಾರಂತೆ ಅಂತ ಕೇಳಿ ಜನ ಬೈಕಲ್ಲಿ, ಜೀಪಲ್ಲಿ, ಬಸ್ಸಲ್ಲಾದ್ರೆ ಕಾಲಬುಡದಲ್ಲಿ ಇಟ್ಕೊಂಡು ಗಿಡ ತರ್ತಾರೆ, ತಂದ ಮಾರನೇ ದಿನವೇ ಗುಂಡಿ ತೆಗೆದು ನೆಟ್ಟೂ ಬಿಡ್ತಾರೆ. ಆಟಿ (ಜುಲೈ-ಆಗಸ್ಟ್) ಕಳೆದು ಸೋಣ (ಆಗಸ್ಟ್-ಸೆಪ್ಟೆಂಬರ್) ಬರುವಾಗ ನೋಡಿದ್ರೆ ಅದರಲ್ಲಿ ಎಷ್ಟೋ ಗಿಡ ಇಲ್ಲ. ಬುಡ ಕೊಳೆತು ಹೋಗಿರ್ತದೆ, ಇಲ್ಲದಿದ್ರೆ ಎಲೆ ಎಲ್ಲ ಉದುರಿ ಕಡ್ಡಿ ಮಾತ್ರ ನಿಂತಿರ್ತದೆ. ಆಮೇಲೆ ತಳಿ ಸರಿ ಇಲ್ಲ, ಕೊಟ್ಟವರು ಸರಿ ಇಲ್ಲ, ನಮ್ಮ ಮಣ್ಣಿಗೆ ಅದು ಆಗೂದಿಲ್ಲ ಅಂತ ಮಾತು ಸುರು. ನನಗೆ ಗೊತ್ತಿದ್ದ ಮಟ್ಟಿಗೆ ಹೆಚ್ಚಿನ ಗಿಡ ಸಾಯೂದು ತೋಟಕ್ಕೆ ಇಳಿಯುವಷ್ಟು ಬಲ ಬರುವ ಮೊದಲೇ ಅದನ್ನು ತೋಟಕ್ಕೆ ಇಳಿಸಿದ್ದರಿಂದ. ತಂದ ಸಸಿಯನ್ನಾಗಲಿ, ನಾವೇ ತುಂಡು ಮಾಡಿ ಬೇರು ಬರಿಸಿದ ಬಳ್ಳಿಯನ್ನಾಗಲಿ ಮನೆ ಹತ್ತಿರ ಒಂದು ಏರುಮಡಿಯಲ್ಲಿ (ನೆಲದಿಂದ ಎತ್ತರಿಸಿದ ಸಸಿಮಡಿಯಲ್ಲಿ) ಕೆಲವು ತಿಂಗಳು, ಅಡಿಕೆ ಆದ್ರೆ ಒಂದು ವರ್ಷ, ಸಾಕಿ ಆಮೇಲೆ ನೆಟ್ರೆ ಈ ನಷ್ಟದ ದೊಡ್ಡ ಪಾಲು ತಪ್ತದೆ. ಈ ವಿಷಯ ನಮ್ಮ ಕಡೆ ಪತ್ರಿಕೆಯಲ್ಲಿ ಬರೂದು ಕಮ್ಮಿ, ಹಾಗಾಗಿ ಸ್ವಲ್ಪ ಉದ್ದವಾದ್ರೂ ದಯವಿಟ್ಟು ಪ್ರಕಟಿಸಿ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಹೆಚ್ಚುಕಮ್ಮಿ 3500 ಮಿ.ಮೀ. ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗೀತದೆ. ಅಡಿಯಲ್ಲಿ ಗಟ್ಟಿ ಮುರಮಣ್ಣು. ಅದರಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಮೆತ್ತನೆಯ ಮಣ್ಣು, ಗೊಬ್ಬರ ತುಂಬಿಸಿ ಒಂದು ಗೇಣಿನ ಗಿಡ ನೆಟ್ರೆ ಸುತ್ತಲಿನ ನೀರೆಲ್ಲ ಬಂದು ನಿಲ್ಲೂದು ಆ ಗುಂಡಿಯಲ್ಲೇ, ಬಕೆಟಿನಲ್ಲಿ ನೆಟ್ಟ ಹಾಗೆ. ಬೇರಿಗೂ ಉಸಿರು ಬೇಕಲ್ವಾ, ಮಣ್ಣಿನ ಎಡೆಯಲ್ಲಿ ಗಾಳಿ ಇರಬೇಕಾದಲ್ಲಿ ವಾರಗಟ್ಟಲೆ ನೀರೇ ತುಂಬಿದ್ರೆ ಎಳೆ ಬೇರು ಕಪ್ಪಾಗ್ತದೆ. ಸಾಲದ್ದಕ್ಕೆ ಫೈಟೋಫ್ತೋರಾ ಅಂತ ಕೊಳೆ ತರುವ, ಶಿಲೀಂಧ್ರದ ಹಾಗಿನ ಒಂದು ರೋಗಾಣು. ಅಡಿಕೆಗೆ ಮಹಾಳಿ (ಕೊಳೆರೋಗ) ಬರೂದು, ಒಳ್ಳೆಮೆಣಸಿನ ಬಳ್ಳಿ ನಾಲ್ಕೇ ದಿನದಲ್ಲಿ ಸೊರಗಿ ಹೋಗೂದು, ಕೊಕ್ಕೋ ಕೋಡು ಕಪ್ಪಾಗೂದು ಎಲ್ಲ ಇದೇ ಕುಲದ ರೋಗಾಣುಗಳಿಂದ. ಅದರ ಬೀಜಕಣಕ್ಕೆ ನೀರಲ್ಲಿ ಈಜಿಕೊಂಡು ಬೇರು ಹುಡುಕಿ ಹೋಗ್ಲಿಕ್ಕೆ ಆಗ್ತದೆ. ನೀರು ನಿಂತ ಗುಂಡಿಗಿಂತ ಒಳ್ಳೆ ಜಾಗ ಅದಕ್ಕೆ ಬೇರೆ ಬೇಡ.

ಏರುಮಡಿ ಅಂದ್ರೆ ದೊಡ್ಡ ಕೆಲಸ ಏನೂ ಇಲ್ಲ. ನೆಲದಿಂದ ಮುಕ್ಕಾಲರಿಂದ ಒಂದು ಅಡಿ ಎತ್ತರ, ಮೂರೂವರೆ ನಾಲ್ಕು ಅಡಿ ಅಗಲ, ಉದ್ದ ನಿಮ್ಮ ಜಾಗ ಇದ್ದಷ್ಟು. ಅಗಲ ಅದಕ್ಕಿಂತ ಜಾಸ್ತಿ ಬೇಡ, ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟಬೇಕು, ಒಂದು ಸಲ ಮಣ್ಣು ತುಂಬಿಸಿದ ಮೇಲೆ ಮಡಿಗೆ ಕಾಲು ಇಡಲೇಬಾರದು, ಕಾಲಿಟ್ಟಲ್ಲಿ ಮಣ್ಣು ಒತ್ತಿ ನೀರು ಇಳಿಯೂದಿಲ್ಲ. ಎರಡು ಮಡಿಯ ನಡುವೆ ಒಂದೂವರೆ ಅಡಿ ಕಣಿ ಬಿಡಿ, ಕಣಿಯ ನೀರು ಎಲ್ಲಿಗೆ ಹೋಗ್ತದೆ ಅಂತ ಮೊದಲೇ ನೋಡಿಕೊಳ್ಳಿ. ಬದಿಗೆ ಕೆಲವರು ಅಡಿಕೆ ಮರದ ಸಲಾಕೆ ಕಟ್ತಾರೆ, ಖರ್ಚಿಲ್ಲ, ಆದ್ರೆ ಎರಡು ಮಳೆಗೆ ಕುಂಬಾಗ್ತದೆ, ಒರಲೆಯೂ ಬರ್ತದೆ. ನಮ್ಮಲ್ಲಿ ಕೆಂಪುಕಲ್ಲಿಗೆ ಏನು ಬರಗಾಲ? ಕಟ್ಟಡ ಆದ ಮನೆಯ ಬದಿಯಲ್ಲಿ ತುಂಡು ಕಲ್ಲು ಬಿದ್ದೇ ಇರ್ತದೆ, ಅದನ್ನು ಒಂದು ಸಾಲು ಅಡ್ಡ ಇಟ್ರೆ ಸಾಕು. ಸಿಮೆಂಟು ಹಾಕಬೇಡಿ, ಕಲ್ಲಿನ ಎಡೆಯಿಂದ ನೀರು ಹೊರಗೆ ಒಸರಬೇಕು.

ಒಂದು ವಿಷಯ ಹೆಚ್ಚಿನವರು ಬಿಡ್ತಾರೆ. ಮಡಿ ಮಾಡುವ ಜಾಗದ ನೆಲವನ್ನು ಮೊದಲು ಪಿಕ್ಕಾಸಲ್ಲಿ ಅರ್ಧ ಅಡಿ ಆದ್ರೂ ಕೊತ್ತಿ ಸಡಿಲ ಮಾಡಬೇಕು. ಗಟ್ಟಿ ನೆಲದ ಮೇಲೆ ಹಾಗೇ ಮಣ್ಣು ಪೇರಿಸಿದ್ರೆ ಮೇಲಿಂದ ಇಳಿದ ನೀರು ಅಡಿಯಲ್ಲಿ ಹೋಗ್ಲಿಕ್ಕೆ ದಾರಿ ಇಲ್ಲದೆ ಅಲ್ಲೇ ಕೂತ್ಕೊಳ್ತದೆ, ಮೇಲೆ ನೋಡುವಾಗ ಒಣಗಿದ ಹಾಗೆ ಕಾಣ್ತದೆ, ಅಡಿಯಲ್ಲಿ ಬೇರು ಕೊಳೀತಾ ಇರ್ತದೆ. ಜೋರು ಮಳೆ ಬಂದು ನಿಂತ ಮೇಲೆ ಒಮ್ಮೆ ಬೆರಳು ಹಾಕಿ ನೋಡಿ, ಮಣ್ಣು ಹಸಿ ಇರಬೇಕು, ಹಿಂಡಿದ್ರೆ ನೀರು ತೊಟ್ಟಿಕ್ಕಬಾರದು, ಹುಳಿ ವಾಸನೆ ಬರಬಾರದು.

ತುಂಬಿಸ್ಲಿಕ್ಕೆ ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ. ಹೊಯಿಗೆ ಈಗ ಸಿಕ್ಕೂದು ಕಷ್ಟ, ಸಿಕ್ಕಿದ್ರೂ ರೇಟು ಹೇಳುವ ಹಾಗಿಲ್ಲ, ಅದರ ಬದಲು ತೆಂಗಿನ ನಾರಿನ ಪುಡಿ ಹಾಕಬಹುದು ಆದ್ರೆ ಹಸಿ ಪುಡಿ ಬೇಡ, ಅದರಲ್ಲಿ ಒಗರು, ಉಪ್ಪು ಇರ್ತದೆ, ಕಾಂಪೋಸ್ಟ್ ಆದದ್ದೇ ಆಗಬೇಕು. ನಮ್ಮ ಹಿರಿಯರು ಸುಡುಮಣ್ಣು ಮಾಡ್ತಿದ್ರು. ತರಗೆಲೆ, ಕಸಕಡ್ಡಿ ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ ಒಳಗಿಂದೊಳಗೇ ನಿಧಾನಕ್ಕೆ ಬೇಯಿಸಿದ ಆ ಮಣ್ಣು ಸಸಿಗೆ ಬಹಳ ಒಳ್ಳೇದು, ಕಳೆಬೀಜ ಸಾಯ್ತದೆ, ಹುಳ ಸಾಯ್ತದೆ, ಬೂದಿಯಲ್ಲಿ ಪೊಟ್ಯಾಷ್ ಉಂಟು. ಆದ್ರೆ ಬೆಂದ ಮಣ್ಣಲ್ಲಿ ಒಳ್ಳೆ ಜೀವಾಣುಗಳೂ ಸತ್ತಿರ್ತವೆ, ಅದನ್ನೇ ಪೂರ್ತಿ ತುಂಬಿಸದೆ ಹಟ್ಟಿಗೊಬ್ಬರದ ಒಟ್ಟಿಗೆ ಸೇರಿಸಿ. ಬೆಂಕಿ ಹಾಕ್ಲಿಕ್ಕೆ ಜಾಗ ಇಲ್ಲದವರು ಮಾರ್ಚ್, ಏಪ್ರಿಲ್‌ನಲ್ಲಿ ಮಡಿಗೆ ನೀರು ಹಾಕಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಬದಿಗೆ ಮಣ್ಣು ಒತ್ತಿ ಒಂದು, ಒಂದೂವರೆ ತಿಂಗಳು ಬಿಟ್ರೆ ನಮ್ಮ ಬಿಸಿಲೇ ಆ ಕೆಲಸ ಮಾಡ್ತದೆ. ಮುರಮಣ್ಣಲ್ಲಿ ಹುಳಿ ಜಾಸ್ತಿ, ಗೊಬ್ಬರ ಹಾಕುವ ಒಂದೆರಡು ವಾರ ಮೊದಲು ಸ್ವಲ್ಪ ಸುಣ್ಣವೋ ಡಾಲಮೈಟೋ ಬೆರೆಸಬೇಕು. ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆ ಶಿಲೀಂಧ್ರ) ಹಾಕುವವರು ಬೇವಿನ ಹಿಂಡಿ, ಹಟ್ಟಿಗೊಬ್ಬರದಲ್ಲಿ ಕಲಸಿ ನೆರಳಲ್ಲಿ ಒಂದೆರಡು ವಾರ ಬೆಳೆಸಿ ಮಡಿಗೆ ಸೇರಿಸಿ, ಆದ್ರೆ ಅದೇ ವಾರ ಬೋರ್ಡೋ ದ್ರಾವಣ ಹೊಯ್ಯಬೇಡಿ, ಅದರಲ್ಲಿರುವ ಮೈಲುತುತ್ತಿಗೆ ಒಳ್ಳೆ ಶಿಲೀಂಧ್ರ ಕೆಟ್ಟ ಶಿಲೀಂಧ್ರ ಅಂತ ಭೇದ ಗೊತ್ತಿಲ್ಲ. ಕೆಲವರು ಸಸಿ ನಾಟಿ ಮಾಡಿದ ದಿನವೇ ಯಾವುದಾದ್ರೂ ಹುಳದ ಮದ್ದು ಬುಡಕ್ಕೆ ಹೊಯ್ತಾರೆ. ಎಂಡೋಸಲ್ಫಾನ್‌ನಿಂದ ತಲೆಮಾರುಗಟ್ಟಲೆ ನೊಂದ ಜಿಲ್ಲೆ ನಮ್ಮದು, 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ಇಡೀ ದೇಶದಲ್ಲಿ ನಿಲ್ಲಿಸುವ ಮೊದಲು ಎಷ್ಟು ಮನೆಗಳು ಹಾಳಾದವು ಅಂತ ಎಣ್ಮಕಜೆ ಕಡೆಯವರನ್ನು ಕೇಳಿದ್ರೆ ಸಾಕು. ರೋಗ ಬರಲಿ ಬಾರದಿರಲಿ ಸಸಿಗೇ ವಿಷ ಹೊಯ್ಯುವ ಅಭ್ಯಾಸ ನಮಗೆ ಬೇಡವೇ ಬೇಡ.

ಒಳ್ಳೆಮೆಣಸಿನ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಹೆಚ್ಚು ಸಾಯೂದು ಅದೇ. ವರ್ಷ ವರ್ಷ ಚೆನ್ನಾಗಿ ಹಿಡಿಯುವ ಬಳ್ಳಿಯ ಬುಡದಿಂದ ನೆಲದಲ್ಲಿ ಹರಿದು ಹೋಗುವ ಹಂಬು ಇರ್ತದಲ್ಲ, ಅದನ್ನು ನೆಲಕ್ಕೆ ಬೇರು ಬಿಡದ ಹಾಗೆ ಮಳೆಗಾಲ ಮುಗಿಯುವಾಗಲೇ ಒಂದು ಗೂಟಕ್ಕೆ ಸುತ್ತಿ ಇಡಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಅದನ್ನು ಕೊಯ್ದು ತುದಿಯ ತೀರಾ ಎಳೆಯ ಭಾಗ, ಬುಡದ ತೀರಾ ಬಲಿತ ಭಾಗ ಎರಡನ್ನೂ ಬಿಟ್ಟು ನಡುವಿನದ್ದನ್ನು ಎರಡು ಮೂರು ಗಂಟಿನ ತುಂಡು ಮಾಡಿ, ಎಲೆ ಕತ್ತರಿಸಿ ತೊಟ್ಟು ಉಳಿಸಿ, ಒಂದು ಗಂಟು ಮಣ್ಣೊಳಗೆ ಹೋಗುವ ಹಾಗೆ ಊರಬೇಕು. ಎಲೆ ಸಣ್ಣದಾಗಿ ಮುರುಟಿದ, ಹಳದಿ ಮಚ್ಚೆ ಇದ್ದ ಬಳ್ಳಿಯಿಂದ ತುಂಡು ತೆಗೀಲೇಬಾರದು, ಅದು ವೈರಸ್, ತುಂಡಿನ ಒಟ್ಟಿಗೇ ಬರ್ತದೆ, ಆಮೇಲೆ ಯಾವ ಮದ್ದಿಗೂ ಹೋಗೂದಿಲ್ಲ. ಮೆಣಸಿನ ಬೇರು ಬಹಳ ಸೂಕ್ಷ್ಮ, ಮಡಿಯಿಂದ ಕೀಳುವಾಗ ತುಂಡಾಗ್ತದೆ, ಹಾಗಾಗಿ ಸಣ್ಣ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಊರಿ, ಅಡಿಗೆ ಬದಿಗೆ ತೂತು ಮಾಡಿ, ಆ ತೊಟ್ಟೆಯನ್ನು ಮಡಿಯಲ್ಲಿ ಅರ್ಧ ಹೂತಿಡೂದು ಒಳ್ಳೇದು. ಬಿಸಿಲಿಗೆ ತೊಟ್ಟೆ ಕಾಯೂದಿಲ್ಲ, ಮಳೆಗೆ ನೀರು ನಿಲ್ಲೂದಿಲ್ಲ.

ಇಲ್ಲಿ ಒಂದು ಗಮನಿಸಬೇಕಾದ್ದುಂಟು. ಚಿಗುರು ಬಂತು ಅಂತ ಖುಷಿಯಲ್ಲಿ ನೆಡಬೇಡಿ. ಬೇರು ಬರುವ ಮೊದಲೇ ತುಂಡಿನಲ್ಲಿದ್ದ ಸತ್ವದಿಂದಲೇ ಎರಡು ಎಲೆ ಬರ್ತದೆ, ಆಮೇಲೆ ಅದು ಬಾಡ್ತದೆ. ತಿಂಗಳು ಕಳೆದ ಮೇಲೆ ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆದು ನೋಡಿ, ಮಣ್ಣು ಹಿಡಿದು ನಿಂತ್ರೆ ಬೇರು ಬಂದಿದೆ, ಜಾರಿ ಬಂದ್ರೆ ಇನ್ನೂ ಇಲ್ಲ. ಒಂದು ತೊಟ್ಟೆ ಬಿಡಿಸಿ ನೋಡಿದ್ರೆ ಇನ್ನೂ ಸ್ಪಷ್ಟ, ಒಳ್ಳೆ ಬೇರಿನ ತುದಿ ಬೆಳ್ಳಗೆ ದಪ್ಪ ಇರ್ತದೆ, ಕೊಳೆ ಹಿಡಿದದ್ದು ಕಂದಾಗಿ ಉಜ್ಜಿದ್ರೆ ಮೇಲಿನ ಸಿಪ್ಪೆ ಕೈಗೆ ಬಂದು ನಡುವಿನ ನೂಲು ಮಾತ್ರ ಉಳೀತದೆ. ಮಣ್ಣಿಗೆ ತಾಗುವಲ್ಲಿ ದಂಟು ಕಪ್ಪಾದ ತುಂಡನ್ನು ಪಾಪ ಅಂತ ಬಿಡದೆ ತೊಟ್ಟೆ ಸಮೇತ ತೆಗೆದು ದೂರ ಹಾಕ್ಬೇಕು, ಇಲ್ಲಾಂದ್ರೆ ಒಂದು ವಾರದಲ್ಲಿ ಅಕ್ಕಪಕ್ಕದ್ದೂ ಹೋಗ್ತದೆ.

ಕೆಲವು ಹಿರಿಯರು ಹೇಳ್ತಾರೆ, ಬಳ್ಳಿ ನೆಡಬೇಕಾದ್ದು ಆರ್ದ್ರೆ ಮಳೆಗೆ, ಮಲಯಾಳಿಗಳು ತಿರುವಾದಿರ ಞಾಟ್ಟುವೇಲ ಅಂತಾರಲ್ಲ ಆಗ, ನೀವು ಮಡಿಯಲ್ಲಿ ಇಟ್ಟು ಕೂತ್ರೆ ಹೊತ್ತು ತಪ್ತದೆ ಅಂತ. ಆ ಮಾತು ಸರಿ, ಜೂನ್ ಕೊನೆ ಜುಲೈ ಮೊದಲ ವಾರದ ಆ ಹದ ಬೇರೆ ಸಿಕ್ಕೂದಿಲ್ಲ. ಆ ಹದಕ್ಕೆ ಬಳ್ಳಿ ತಯಾರಿರಬೇಕಾದ್ರೆ ಮಡಿಯ ಕೆಲಸ ಶಿವರಾತ್ರಿ ಕಳೆದು ಸುರುವಾಗಬೇಕು, ಪತ್ತನಾಜೆಗೆ (ಮೇ ಕೊನೆಯ ವಾರಕ್ಕೆ) ಮೊದಲು ಬೇರು ತುಂಬಿ ನಾಲ್ಕೈದು ಎಲೆ ಬಂದಿರಬೇಕು. ಹಾಗೆ ಸಾಕಿದ ಬಳ್ಳಿಯನ್ನು ಆರ್ದ್ರೆಗೆ ನೆಡಿ, ನನ್ನ ತಕರಾರಿಲ್ಲ. ನನ್ನ ತಕರಾರು ಜೂನ್‌ನಲ್ಲಿ ಎರಡೇ ಎಲೆಯಲ್ಲಿ ಕೈಗೆ ಸಿಕ್ಕಿದ ಗಿಡವನ್ನು ಅದೇ ಆರ್ದ್ರೆಗೆ ನೆಡುವ ಬಗ್ಗೆ. ಅದು ಆಟಿ ಕಳೆಯುವವರೆಗೆ ಮಡಿಯಲ್ಲೇ ಇರಲಿ. ಸೋಣದಲ್ಲಿ ಬಿಸಿಲು ಮಳೆ ಎರಡೂ ಬರ್ತದೆ, ಆಗ ನೆಟ್ರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯೂ ಸಿಕ್ತದೆ, ಬೇಸಗೆಗೆ ಮೊದಲು ಬೇರು ಇಳಿದಿರ್ತದೆ.

ಅಡಿಕೆಗೆ ಈ ಕ್ರಮ ಹೊಸತಲ್ಲ. ಕಾಸರಗೋಡಿನ ಸಿಪಿಸಿಆರ್‌ಐ, ಅಂದ್ರೆ ಕೇಂದ್ರ ತೋಟಬೆಳೆ ಸಂಶೋಧನಾ ಸಂಸ್ಥೆ, ಅದರ ವಿಟ್ಲ ಕೇಂದ್ರ ಎಷ್ಟೋ ವರ್ಷದಿಂದ ಇದನ್ನೇ ಹೇಳ್ತಾ ಬಂದದ್ದು: ತೊಟ್ಟು ಮೇಲೆ ಮಾಡಿ ಹೊಯಿಗೆಯಲ್ಲಿ ಊರಿ, ಎರಡು ಮೂರು ಎಲೆ ಬಂದಾಗ ಎರಡನೇ ಮಡಿಗೆ ಒಂದೊಂದು ಅಡಿ ಅಂತರದಲ್ಲಿ ನಾಟಿ ಮಾಡಿ, 12ರಿಂದ 18 ತಿಂಗಳು ಅಲ್ಲೇ ಸಾಕಿ. ಆ ಎರಡನೇ ಮಡಿಯನ್ನೇ ನಾವು ಬಿಟ್ಟುಬಿಟ್ಟದ್ದು. ತೊಟ್ಟೆಯಲ್ಲಿ ಹುಟ್ಟಿದ ಸಸಿ ಎರಡು ವರ್ಷ ಅದೇ ತೊಟ್ಟೆಯಲ್ಲಿ ಕೂತ್ರೆ ಅಡಿಯಲ್ಲಿ ಬೇರು ಸುತ್ತಿ ಸುತ್ತಿ ಉಂಡೆ ಆಗಿರ್ತದೆ, ಎತ್ತರ ನೋಡಿ ಮೋಸ ಹೋಗಬಾರದು. ಉದ್ದಕ್ಕೆ ಹೋದ ಸಸಿ ನೆರಳಲ್ಲಿ ಒತ್ತೊತ್ತಾಗಿ ಬೆಳೆದದ್ದು. ಗಿಡ್ಡ ಇದ್ದು ಐದು ಎಲೆಯೋ ಅದಕ್ಕಿಂತ ಹೆಚ್ಚೋ ಇದ್ದು ಬುಡ ದಪ್ಪ ಇದ್ದದ್ದನ್ನೇ ಆರಿಸಬೇಕು, ಉಳಿದದ್ದನ್ನು ಮನಸ್ಸು ಗಟ್ಟಿ ಮಾಡಿ ಬಿಡಬೇಕು. ಮಡಿಯಲ್ಲಿ ಒಟ್ಟಿಗೆ ಬೆಳೆದರೆ ಮಾತ್ರ ಯಾವುದು ಬಲ ಯಾವುದು ನಿರ್ಬಲ ಅಂತ ಎದುರಿಗೇ ಕಾಣ್ತದೆ. ತೋಟದಲ್ಲಿ ಒಂಬತ್ತು ಅಡಿಗೊಂದು ನೆಟ್ಟ ಮೇಲೆ ಗೊತ್ತಾಗುವಾಗ ಆರೇಳು ವರ್ಷ ಕಳೆದಿರ್ತದೆ, ಅಷ್ಟು ವರ್ಷ ಕಾದು ಕಡಿಯೂದು ಯಾವ ಕೃಷಿಕನಿಗೂ ಬೇಡ.

ಈಗ ಎಲೆಚುಕ್ಕಿ ರೋಗದ ಭಯ ಬೇರೆ ಉಂಟು. ಹೊರಗಿಂದ ತಂದ ಸಸಿಯನ್ನು ನೇರ ತೋಟದ ನಡುವೆ ನೆಟ್ರೆ ಅದರ ಎಲೆಯಲ್ಲಿ ಇದ್ದದ್ದು, ತೊಟ್ಟೆಯ ಮಣ್ಣಲ್ಲಿ ಇದ್ದದ್ದು ಎಲ್ಲ ತೋಟಕ್ಕೆ ಬರ್ತದೆ. ತೋಟದಿಂದ ದೂರ, ನೀರು ತೋಟದ ಕಡೆ ಹರಿಯದ ಜಾಗದಲ್ಲಿ ಮಡಿ ಮಾಡಿ ಕೆಲವು ತಿಂಗಳು ಕಣ್ಣೆದುರು ಇಟ್ಟುಕೊಂಡ್ರೆ ರೋಗ ಇದ್ರೆ ಅಲ್ಲೇ ಕಾಣ್ತದೆ, ಅಲ್ಲೇ ಮುಗಿಸಬಹುದು.

ಮಡಿಯಿಂದ ಕೀಳೂದಕ್ಕೂ ಕ್ರಮ ಉಂಟು. ನೆಡುವ ಎರಡು ವಾರ ಮೊದಲು ಸಸಿಯ ಎರಡು ಬದಿಯಲ್ಲಿ ಹಾರೆಯಿಂದ ನೇರ ಕೆಳಗೆ ಒತ್ತಿ ದೂರ ಹೋದ ಬೇರು ತುಂಡು ಮಾಡಿ ಬಿಟ್ರೆ ಬುಡದ ಹತ್ತಿರವೇ ಹೊಸ ಬೇರು ಒಡೀತದೆ. ಹಿಂದಿನ ದಿನ ನೀರು ಹಾಕಿ ಮಣ್ಣಿನ ಹೆಂಟೆ ಸಮೇತ ಎತ್ತಿ ಅಡಿಕೆ ಹಾಳೆಯಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ್ರೆ ಎಷ್ಟು ದೂರವೂ ಹೊತ್ತುಕೊಂಡು ಹೋಗಬಹುದು. ಮಡಿಯ ಮೇಲೆ ಹಾಕಿದ ಚಪ್ಪರದ ನೆರಳನ್ನೂ ಒಮ್ಮೆಲೇ ತೆಗೀಬಾರದು, ಸ್ವಲ್ಪ ಸ್ವಲ್ಪ ಸೋಗೆ ಕಮ್ಮಿ ಮಾಡ್ತಾ ಬಂದು ಬಿಸಿಲಿಗೆ ಅಭ್ಯಾಸ ಮಾಡಿಸಬೇಕು, ಅಡಿಕೆ ಸಸಿಗಂತೂ ಪಶ್ಚಿಮದ ಬಿಸಿಲು ತಡೀಲಿಕ್ಕೇ ಆಗೂದಿಲ್ಲ.

ತರಕಾರಿಗೆ ಇಷ್ಟೆಲ್ಲ ಇಲ್ಲ. ಹಸಿಮೆಣಸು, ಬದನೆ ಬೀಜ ಹಾಕಿ ಒಂದು ತಿಂಗಳಿಗೆ ಗೇಣುದ್ದ ಆಗ್ತದೆ, ಕಿತ್ತು ನೆಡೂದು. ಬಸಳೆ ದಂಟು ಹೇಗೆ ಊರಿದ್ರೂ ಬರ್ತದೆ, ನೀರು ನಿಂತ್ರೆ ಮಾತ್ರ ಕೊಳೀತದೆ. ಮ್ಯಾಂಗೋಸ್ಟೀನ್, ಜಾಯಿಕಾಯಿ ಥರದ ನಿಧಾನದ ಗಿಡ ತಂದವರು ಮಾತ್ರ ಅವಸರ ಮಾಡಲೇಬಾರದು, ದುಡ್ಡು ಕೊಟ್ಟು ತಂದ ಕಸಿ ಗಿಡ ಆದ್ರೆ ಕಸಿಯ ಗಂಟು ಮಣ್ಣಿಂದ ಮೇಲೆ ಇರೂ ಹಾಗೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ಮಡಿಗೆ ತರಗೆಲೆ ತೆಳ್ಳಗೆ ಸಾಕು, ಮಣ್ಣು ಎಲೆಗೆ ಸಿಡಿಯದಷ್ಟು, ಬುಡಕ್ಕೆ ತಾಗದ ಹಾಗೆ. ದಪ್ಪ ಹಾಕಿದ್ರೆ ಬಸವನಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗಾಗ್ತದೆ, ಆ ದೊಡ್ಡ ಆಫ್ರಿಕನ್ ಹುಳ ಬಂದ ಊರುಗಳಲ್ಲಿ ಒಂದೇ ರಾತ್ರಿಗೆ ಸಾಲು ಸಾಲು ಸಸಿ ಹೋಗ್ತದೆ, ಸಂಜೆ ಟಾರ್ಚು ಹಿಡಿದು ಹೆಕ್ಕಿ ಉಪ್ಪುನೀರಿಗೆ ಹಾಕೂದೇ ಉಪಾಯ, ಬರಿಗೈಯಲ್ಲಿ ಮುಟ್ಟಬೇಡಿ. ಬೇಸಗೆಯಲ್ಲಿ ಇದೆಲ್ಲ ತಿರುವುಮುರುವು. ಎತ್ತರದ ಮಡಿ ಬೇಗ ಒಣಗ್ತದೆ, ಆಗ ದಪ್ಪ ಹೊದಿಕೆ ಬೇಕು, ಬೆಳಗ್ಗೆ ನೀರು ಬೇಕು. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಇದ್ದ ಮನೆಯವರಿಗೆ ಇದು ಕಷ್ಟ ಅಲ್ಲ, ತೊಟ್ಟಿಯ ಬದಿಯಲ್ಲೇ ಮಡಿ ಮಾಡಿದ್ರೆ ಪೈಪು ಬೇಡ, ಪಂಪು ಬೇಡ, ಒಂದು ತಂಬಿಗೆ ಸಾಕು.

ಇಷ್ಟಕ್ಕೆಲ್ಲ ಯಾರಿಗೆ ಪುರುಸೊತ್ತು, ಆಳು ಎಲ್ಲಿ ಸಿಕ್ತದೆ ಅಂತ ಕೇಳ್ತಾರೆ. ತೋಟದಲ್ಲಿ ಚದುರಿ ನೆಟ್ಟ ನೂರು ಗಿಡಕ್ಕೆ ಮಳೆಯಲ್ಲಿ ನಡೆದು ಬುಡ ನೋಡಿ ಬರ್ಲಿಕ್ಕೆ ಒಂದು ದಿನ ಬೇಕು, ಅದೇ ನೂರು ಗಿಡ ಅಂಗಳದ ಬದಿಯ ಒಂದು ಮಡಿಯಲ್ಲಿದ್ರೆ ಬೆಳಗ್ಗೆ ಚಾ ಕುಡಿದು ಎದ್ದು ನೋಡಿ ಬಂದ್ರೆ ಆಯ್ತು. ವಯಸ್ಸಾದವರಿಗೂ, ತೋಟಕ್ಕೆ ಇಳೀಲಿಕ್ಕೆ ಆಗದವರಿಗೂ ಮಾಡಬಹುದಾದ ಕೆಲಸ. ಕೂಲಿ ಕೊಟ್ಟು ಗುಂಡಿ ತೆಗೆಸಿ, ಗಿಡ ಸತ್ತು, ಮುಂದಿನ ವರ್ಷ ಪುನಃ ಕೂಲಿ ಕೊಟ್ಟು ಅದೇ ಗುಂಡಿಗೆ ಇನ್ನೊಂದು ಗಿಡ ಹಾಕೂದಕ್ಕಿಂತ ಇದು ಎಷ್ಟೋ ಸುಲಭ.

ಪಂಚಾಯತಿಗಳ ಹತ್ತಿರ ನನ್ನ ವಿನಂತಿ ಏನಂದ್ರೆ, ಗ್ರಾಮಸಭೆಯಲ್ಲಿ ಗಿಡಕ್ಕೆ ಅರ್ಜಿ ತಗೊಳ್ಳುವಾಗಲೇ ಮಡಿ ಮಾಡುವ ವಿಷಯವೂ ಹೇಳಿ. ವಾರ್ಡಿಗೊಂದು ಕಡೆ, ಶಾಲೆಯ ಹಿತ್ತಲಿರಲಿ ವಾಚನಾಲಯದ ಜಾಗವಿರಲಿ, ಕುಟುಂಬಶ್ರೀಯ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯ) ಹೆಂಗಸರ ಒಂದು ಗುಂಪಿಗೆ ಏರುಮಡಿ ನೋಡಿಕೊಳ್ಳುವ ಕೆಲಸ ಕೊಟ್ಟು, ಬಂದ ಎಳೆ ಗಿಡವನ್ನು ಅಲ್ಲಿ ಸಾಕಿ ಸೋಣದಲ್ಲಿ ಹಂಚಿದ್ರೆ ಅವರಿಗೆ ನಾಲ್ಕು ಕಾಸು ಸಿಕ್ತದೆ, ಕೃಷಿಕರಿಗೆ ಬದುಕುವ ಗಿಡ ಸಿಕ್ತದೆ. ಗಿಡದ ಒಟ್ಟಿಗೆ ಒಂದು ಚೀಟಿ ಕೊಡಿ: ಯಾವ ತಳಿ, ಯಾವಾಗ ಊರಿದ್ದು, ಯಾವಾಗ ನೆಡಬೇಕು. ಆ ಚೀಟಿ ಕನ್ನಡದಲ್ಲೂ ಇರಬೇಕು. ಇದು ಭಾಷಾ ಅಲ್ಪಸಂಖ್ಯಾತರ ಪ್ರದೇಶ, ಕನ್ನಡ ಮಾತ್ರ ಓದ್ಲಿಕ್ಕೆ ಬರುವ ಕೃಷಿಕರು ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆ ಎಷ್ಟು ಜನ ಇದ್ದಾರೆ ಅಂತ ಎಲ್ಲರಿಗೂ ಗೊತ್ತುಂಟು. ಗೊಬ್ಬರದ ಅಳತೆ, ಮದ್ದಿನ ಅಳತೆ ಓದ್ಲಿಕ್ಕೆ ಆಗದೆ ಬೇರೆಯವರ ಬಾಯಿಂದ ಕೇಳಿ ಹೊಯ್ಯುವ ಸ್ಥಿತಿ ಇರಬಾರದು.

ನಿಮ್ಮ ಪತ್ರಿಕೆ ಹತ್ತಿರವೂ ಒಂದು ಕೇಳ್ಕೊಳ್ತೇನೆ. ಕೃಷಿ ಪುಟದಲ್ಲಿ ಜೂನ್ ಬಂದ ಮೇಲೆ ಗಿಡ ನೆಡುವ ಲೇಖನ ಹಾಕಿದ್ರೆ ಹೊತ್ತು ಮೀರಿರ್ತದೆ. ಹಂಬು ಸುತ್ತಿ ಕಟ್ಟುವ ವಿಷಯ ನವೆಂಬರ್‌ನಲ್ಲಿ, ತುಂಡು ಊರುವ ವಿಷಯ ಫೆಬ್ರವರಿಯಲ್ಲಿ, ಮಣ್ಣಿಗೆ ಪ್ಲಾಸ್ಟಿಕ್ ಹೊದಿಸುವ ವಿಷಯ ಮಾರ್ಚ್‌ನಲ್ಲಿ ಹಾಕಿ, ವಿಟ್ಲದ ಕೇಂದ್ರದವರಿಂದ, ಸಿಪಿಸಿಆರ್‌ಐ ವಿಜ್ಞಾನಿಗಳಿಂದ ಕನ್ನಡದಲ್ಲೇ ಬರೆಸಿ. ಈ ವರ್ಷ ಗಿಡ ತಂದು ಇನ್ನೂ ನೆಡದೆ ಇಟ್ಟವರು ಇದನ್ನು ಓದಿದ್ರೆ, ತೊಟ್ಟೆಗಳನ್ನು ಸಿಟೌಟಿನ ಮೂಲೆಯಲ್ಲಿ ಕತ್ತಲೆಯಲ್ಲಿ ಇಡಬೇಡಿ, ಮಳೆ ಒಂದು ಗಳಿಗೆ ಬಿಟ್ಟಾಗ ಕೆಂಪುಕಲ್ಲು ನಾಲ್ಕು ಜೋಡಿಸಿ ಸಣ್ಣ ಮಡಿಯಾದ್ರೂ ಮಾಡಿ ಅದರಲ್ಲಿಡಿ, ನೆಟ್ಟು ಬಿಟ್ಟಿದ್ರೆ ಬುಡದ ಸುತ್ತ ಮಣ್ಣು ಏರಿಸಿ ನೀರು ಹೊರಗೆ ಹೋಗುವ ಹಾಗೆ ಇವತ್ತೇ ಒಂದು ಕಣಿ ಕಡಿಯಿರಿ.

ಇತಿ,
ಒಬ್ಬ ಕೃಷಿಕ,
ಮುಳ್ಳೇರಿಯ ಹತ್ತಿರ, ಕಾಸರಗೋಡು ಜಿಲ್ಲೆ